ಅಮಾಕ್ಸಿಸಿಲಿನ್: ಗೋಡೆ ಕೆಡವುವ ಮಾತ್ರೆ ನೆಗಡಿಗೇಕೆ ನಾಟುವುದಿಲ್ಲ?

ಮಳೆಗಾಲ ಶುರುವಾಯಿತೆಂದರೆ ಮನೆಮಂದಿಯ ವಾಟ್ಸ್ಯಾಪ್ ಗುಂಪುಗಳಲ್ಲಿ ಒಂದು ಬಗೆಯ ಸಂದೇಶ ಓಡಾಡತೊಡಗುತ್ತದೆ. "ನೆಗಡಿ, ಕೆಮ್ಮು, ಗಂಟಲು ನೋವಿಗೆಲ್ಲ ಡಾಕ್ಟರ್ ಹತ್ರ ಹೋಗಿ ದುಡ್ಡು ಸುರಿಯಬೇಡಿ. ಅಮಾಕ್ಸಿಸಿಲಿನ್ 500 ತಗೊಳ್ಳಿ. ದಿನಕ್ಕೆ ಮೂರು, ಮೂರು ದಿನ. ನಮ್ಮನೇಲಿ ಎಲ್ಲರಿಗೂ ವಾಸಿ ಆಗಿದೆ. ಹತ್ತು ಜನಕ್ಕೆ ಕಳಿಸಿ."

ಕಳಿಸಿದವರ ಉದ್ದೇಶ ಒಳ್ಳೆಯದೇ. ಔಷಧವೂ ಒಳ್ಳೆಯದೇ. ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಗಳ ಪಟ್ಟಿಯಲ್ಲಿ ಅಮಾಕ್ಸಿಸಿಲಿನ್‌ಗೆ ಜಾಗವಿದೆ. ಆದರೂ ಈ ಸಂದೇಶ ತಪ್ಪು. ಯಾಕೆ ತಪ್ಪು ಎಂದು ತಿಳಿಯಬೇಕಾದರೆ ಆ ಕ್ಯಾಪ್ಸೂಲ್ ಒಳಗಿನ ಪುಡಿ ನಮ್ಮ ಮೈಯಲ್ಲಿ ಏನು ಮಾಡುತ್ತದೆ ಎಂಬುದನ್ನು ನೋಡಬೇಕು.

ಬೂಷ್ಟಿನಿಂದ ಬಂದ ಔಷಧ

1928ರ ಸೆಪ್ಟೆಂಬರ್. ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ರಜೆ ಮುಗಿಸಿ ಬಂದು ತಾನು ಬ್ಯಾಕ್ಟೀರಿಯಾ ಬೆಳೆಸಿದ್ದ ಗಾಜಿನ ತಟ್ಟೆಗಳನ್ನು ನೋಡುತ್ತಿದ್ದರು. ಒಂದು ತಟ್ಟೆಗೆ ಬೂಷ್ಟು ಹಿಡಿದಿತ್ತು. ಬೂಷ್ಟಿನ ಸುತ್ತ ಮಾತ್ರ ಬ್ಯಾಕ್ಟೀರಿಯಾ ಕರಗಿಹೋಗಿದ್ದವು. ಆ ಬೂಷ್ಟು ಪೆನಿಸಿಲಿಯಂ ಜಾತಿಯದು. ಅದು ಹೊರಸೂಸುವ ವಸ್ತುವಿಗೆ ಫ್ಲೆಮಿಂಗ್ ಪೆನಿಸಿಲಿನ್ ಎಂದು ಹೆಸರಿಟ್ಟರು.

ಹೆಸರಿಟ್ಟದ್ದು ಸುಲಭ, ಅದನ್ನು ಔಷಧವಾಗಿಸಲು ಹನ್ನೆರಡು ವರ್ಷ ಬೇಕಾಯಿತು. ಆಕ್ಸ್‌ಫರ್ಡಿನ ಹೊವಾರ್ಡ್ ಫ್ಲೋರಿ, ಅರ್ನ್ಸ್ಟ್ ಚೈನ್, ನಾರ್ಮನ್ ಹೀಟ್ಲಿ ಮತ್ತು ಸಂಗಡಿಗರು 1940ರಲ್ಲಿ ಇಲಿಗಳ ಮೇಲೆ ಪ್ರಯೋಗಿಸಿ ಗೆದ್ದರು. 1941ರ ಫೆಬ್ರವರಿಯಲ್ಲಿ ಆಲ್ಬರ್ಟ್ ಅಲೆಕ್ಸಾಂಡರ್ ಎಂಬ ಪೊಲೀಸ್ ಕಾನ್‌ಸ್ಟೆಬಲ್‌ಗೆ ಕೊಟ್ಟರು. ಸೋಂಕಿನಿಂದ ಸಾವಿನಂಚಿಗೆ ಹೋಗಿದ್ದ ಆತ ಚೇತರಿಸಿಕೊಳ್ಳತೊಡಗಿದ. ಆದರೆ ಔಷಧ ಮುಗಿದುಹೋಯಿತು. ಆತನ ಮೂತ್ರದಲ್ಲಿ ಹೊರಬಂದ ಪೆನಿಸಿಲಿನ್ ಅನ್ನೇ ಶೋಧಿಸಿ ಮತ್ತೆ ಕೊಟ್ಟು ನೋಡಿದರು. ಅದೂ ಸಾಲದೆ ಮಾರ್ಚ್‌ನಲ್ಲಿ ಆತ ತೀರಿಕೊಂಡ.

ಇಂದು ಎಲ್ಲ ಮೆಡಿಕಲ್ ಶಾಪ್‌ಗಳಲ್ಲಿ ಸಿಗುವ ಈ ವರ್ಗದ ಔಷಧ ಒಂದು ಕಾಲದಲ್ಲಿ ಅಷ್ಟು ದುರ್ಲಭವಾಗಿತ್ತು. ನಮ್ಮ ದೇಶದಲ್ಲಿ ಪೆನಿಸಿಲಿನ್ ತಯಾರಿಸಲೆಂದೇ 1954ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ನೆರವಿನಿಂದ ಪುಣೆ ಬಳಿಯ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ಕಾರ್ಖಾನೆ ಹುಟ್ಟಿಕೊಂಡಿತು.

ಪೆನಿಸಿಲಿನ್ ಇದ್ದಮೇಲೆ ಅಮಾಕ್ಸಿಸಿಲಿನ್ ಯಾಕೆ?

ಮೊದಲ ಪೆನಿಸಿಲಿನ್‌ಗೆ ಒಂದು ದೊಡ್ಡ ಕೊರತೆಯಿತ್ತು. ನುಂಗಿದರೆ ಹೊಟ್ಟೆಯ ಆಮ್ಲದಲ್ಲಿ ಬಹುಪಾಲು ಹಾಳಾಗುತ್ತಿತ್ತು. ಹಾಗಾಗಿ ಇಂಜೆಕ್ಷನ್ನೇ ಗತಿ. ಅದು ಕೊಲ್ಲುತ್ತಿದ್ದ ಬ್ಯಾಕ್ಟೀರಿಯಾಗಳ ಬಗೆಯೂ ಕಡಿಮೆ.

1957ರಲ್ಲಿ ಇಂಗ್ಲೆಂಡಿನ ಬೀಚಮ್ ಕಂಪನಿಯ ವಿಜ್ಞಾನಿಗಳು ಪೆನಿಸಿಲಿನ್‌ನ ತಿರುಳನ್ನು ಬೇರ್ಪಡಿಸಿದರು. 6-ಅಮಿನೊಪೆನಿಸಿಲಾನಿಕ್ ಆಮ್ಲ ಎಂಬುದು ಅದರ ಹೆಸರು. ಇದನ್ನು ಹಿಡಿಯಿಲ್ಲದ ಕುಡುಗೋಲಿಗೆ ಹೋಲಿಸಬಹುದು. ಅಲಗು ಅದೇ, ಬೇಕಾದ ಹಿಡಿಯನ್ನು ನಾವು ಜೋಡಿಸಿಕೊಳ್ಳಬಹುದು. ಒಂದು ಹಿಡಿ ಹಾಕಿದಾಗ ಆಂಪಿಸಿಲಿನ್ ಬಂತು. ಆಂಪಿಸಿಲಿನ್‌ಗೆ ಒಂದು ಆಮ್ಲಜನಕದ ಪರಮಾಣುವನ್ನು ಮಾತ್ರ ಹೆಚ್ಚಿಗೆ ಸೇರಿಸಿದರೆ ಅದೇ ಅಮಾಕ್ಸಿಸಿಲಿನ್. 1972ರಲ್ಲಿ ಅದು ಮಾರುಕಟ್ಟೆಗೆ ಬಂತು.

ಆ ಒಂದು ಪರಮಾಣುವಿನಿಂದ ಆದ ಲಾಭ ಸಣ್ಣದಲ್ಲ. ಕರುಳು ಅಮಾಕ್ಸಿಸಿಲಿನ್ ಅನ್ನು ಆಂಪಿಸಿಲಿನ್‌ಗಿಂತ ಚೆನ್ನಾಗಿ ಹೀರಿಕೊಳ್ಳುತ್ತದೆ. ಹೊಟ್ಟೆಯ ಆಮ್ಲಕ್ಕೆ ಅದು ಸುಲಭವಾಗಿ ಹಾಳಾಗುವುದಿಲ್ಲ. ಊಟಕ್ಕೆ ಮುಂಚೆಯೋ ಆಮೇಲೋ ಎಂಬ ಚಿಂತೆಯೂ ಹೆಚ್ಚಾಗಿ ಬೇಕಿಲ್ಲ.

ಅಣುವಿನೊಳಗೆ ಒಂದು ಪುಟ್ಟ ಚೌಕ

ಅಮಾಕ್ಸಿಸಿಲಿನ್‌ನ ಒಂದು ಅಣುವಿನಲ್ಲಿ 16 ಇಂಗಾಲ, 19 ಜಲಜನಕ, 3 ಸಾರಜನಕ, 5 ಆಮ್ಲಜನಕ ಮತ್ತು 1 ಗಂಧಕ, ಒಟ್ಟು 44 ಪರಮಾಣುಗಳಿವೆ. ಕೆಲಸ ಮಾಡುವ ಜಾಗ ಮಾತ್ರ ಬಹಳ ಚಿಕ್ಕದು. ಮೂರು ಇಂಗಾಲ ಮತ್ತು ಒಂದು ಸಾರಜನಕ ಸೇರಿದ ನಾಲ್ಕು ಮೂಲೆಯ ಚೌಕ ಅದು. ಹೆಸರು ಬೀಟಾ-ಲ್ಯಾಕ್ಟಮ್ ಉಂಗುರ. ಇದರ ಪಕ್ಕಕ್ಕೆ ಗಂಧಕವಿರುವ ಐದು ಮೂಲೆಯ ಇನ್ನೊಂದು ಉಂಗುರ ಅಂಟಿಕೊಂಡಿದೆ.

ಪರಮಾಣುಗಳ ನಡುವಿನ ಬಂಧಗಳಿಗೆ ಸಾಮಾನ್ಯವಾಗಿ ಇನ್ನಷ್ಟು ಅಗಲವಾದ ಕೋನ ಬೇಕು, ಸುಮಾರು 109ರಿಂದ 120 ಡಿಗ್ರಿ. ಈ ಚೌಕದಲ್ಲಿ ಅವನ್ನು 90 ಡಿಗ್ರಿಯ ಹತ್ತಿರಕ್ಕೆ ಬಗ್ಗಿಸಿಟ್ಟ ಹಾಗಾಗಿದೆ. ಬಗ್ಗಿಸಿದ ಬಿದಿರಿನ ಬಿಲ್ಲಿನಂತೆ ಅದು ಬಿಗಿದುಕೊಂಡಿರುತ್ತದೆ. ಸರಿಯಾದವರು ಮುಟ್ಟಿದರೆ ಪಟಕ್ಕನೆ ಬಿಚ್ಚಿಕೊಳ್ಳುತ್ತದೆ. ಪೆನಿಸಿಲಿನ್‌ನಲ್ಲಿ ಇಂಥ ಚೌಕವಿದೆ ಎಂದಾಗ ಹಲವು ರಸಾಯನ ವಿಜ್ಞಾನಿಗಳು ನಂಬಲಿಲ್ಲ. 1945ರಲ್ಲಿ ಡೊರೊತಿ ಹಾಡ್ಜ್‌ಕಿನ್ ಎಕ್ಸ್‌ರೇ ಹಾಯಿಸಿ ಅಣುವಿನ ರಚನೆಯನ್ನು ಬಿಡಿಸಿ ತೋರಿಸಿದ ಮೇಲೆ ವಾದ ಮುಗಿಯಿತು. ಇಂಥ ಕೆಲಸಗಳಿಗಾಗಿ 1964ರಲ್ಲಿ ಅವರಿಗೆ ನೊಬೆಲ್ ಬಂತು.

ಅದು ಬ್ಯಾಕ್ಟೀರಿಯಾವನ್ನು ಕೊಲ್ಲುವುದು ಹೇಗೆ?

ಬ್ಯಾಕ್ಟೀರಿಯಾದ ಸುತ್ತ ಒಂದು ಗಟ್ಟಿ ಗೋಡೆ ಇರುತ್ತದೆ. ಸಕ್ಕರೆಯ ಸರಪಳಿಗಳನ್ನು ಚಿಕ್ಕ ಚಿಕ್ಕ ಪ್ರೋಟೀನ್ ತುಣುಕುಗಳಿಂದ ಅಡ್ಡಡ್ಡ ಹೆಣೆದ ಬಲೆ ಇದ್ದಂತೆ. ಒಳಗಿನ ಒತ್ತಡಕ್ಕೆ ಬ್ಯಾಕ್ಟೀರಿಯಾ ಒಡೆದುಹೋಗದಂತೆ ಈ ಗೋಡೆಯೇ ಹಿಡಿದಿಡುತ್ತದೆ. ಬ್ಯಾಕ್ಟೀರಿಯಾ ಬೆಳೆಯುವಾಗ, ಒಂದು ಎರಡಾಗುವಾಗ ಗೋಡೆಯನ್ನು ಬಿಚ್ಚಿ ಮತ್ತೆ ಹೆಣೆಯಬೇಕು. ಹೆಣೆಯುವ ಮೇಸ್ತ್ರಿ ಒಂದು ಕಿಣ್ವ.

ಅಮಾಕ್ಸಿಸಿಲಿನ್‌ನ ಚೌಕ ಈ ಮೇಸ್ತ್ರಿಯ ಕಣ್ಣಿಗೆ ಗೋಡೆಯ ತುಣುಕಿನಂತೆಯೇ ಕಾಣುತ್ತದೆ. ಮೇಸ್ತ್ರಿ ಅದನ್ನು ಹಿಡಿದ ಕೂಡಲೆ ಬಿಗಿದಿದ್ದ ಉಂಗುರ ಬಿಚ್ಚಿಕೊಂಡು ಕೈಗೆ ಅಂಟಿಕೊಳ್ಳುತ್ತದೆ. ಬಿಡಿಸಿಕೊಳ್ಳಲಾಗುವುದಿಲ್ಲ. ಹಳೆ ಗೋಡೆ ಬಿಚ್ಚುವ ಕೆಲಸ ನಡೆಯುತ್ತಲೇ ಇರುತ್ತದೆ, ಹೊಸದು ಏಳುವುದಿಲ್ಲ. ಕೊನೆಗೆ ಬ್ಯಾಕ್ಟೀರಿಯಾ ಒಡೆದು ಸಾಯುತ್ತದೆ.

ನಮ್ಮ ಜೀವಕೋಶಗಳಿಗೆ ಇಂಥ ಗೋಡೆಯೇ ಇಲ್ಲ. ಅದಕ್ಕೇ ಬ್ಯಾಕ್ಟೀರಿಯಾವನ್ನು ಕೊಲ್ಲುವ ಈ ಔಷಧ ನಮ್ಮ ಕೋಶಗಳಿಗೆ ಏನೂ ಮಾಡದೆ ಬಿಡುತ್ತದೆ.

ಈಗ ಫಾರ್ವರ್ಡ್ ಸಂದೇಶಕ್ಕೆ ಉತ್ತರ ಸಿಕ್ಕಿತು ನೋಡಿ. ನೆಗಡಿ, ಫ್ಲೂ, ಡೆಂಗಿ, ಕೋವಿಡ್ ಇವೆಲ್ಲ ವೈರಸ್‌ಗಳಿಂದ ಬರುತ್ತವೆ. ವೈರಸ್‌ಗೆ ಗೋಡೆಯೂ ಇಲ್ಲ, ಮೇಸ್ತ್ರಿಯೂ ಇಲ್ಲ. ಅಮಾಕ್ಸಿಸಿಲಿನ್ ಹೋಗಿ ಹಿಡಿಯುವುದು ಏನನ್ನು?

"ಆದರೆ ನಮ್ಮನೇಲಿ ವಾಸಿ ಆಯ್ತಲ್ಲ?"

ಆಗಿರುತ್ತದೆ. ನೆಗಡಿಗೆ ಔಷಧ ತೆಗೆದುಕೊಂಡರೆ ಏಳು ದಿನ, ಬಿಟ್ಟರೆ ಒಂದು ವಾರ ಎಂಬ ಮಾತು ಹಳೆಯದು. ಸಾಮಾನ್ಯ ವೈರಲ್ ಜ್ವರ ಮೂರು ನಾಲ್ಕು ದಿನಕ್ಕೆ ತಾನಾಗಿ ಇಳಿಯುತ್ತದೆ. ನಾವು ಮಾತ್ರೆ ಹುಡುಕುವುದು ಎರಡನೇ ದಿನ, ಕಷ್ಟ ಹೆಚ್ಚಾದಾಗ. ಮಾತ್ರೆ ನುಂಗಿದ ಮರುದಿನ ಜ್ವರ ಇಳಿದರೆ ಹೆಸರು ಮಾತ್ರೆಗೆ ಹೋಗುತ್ತದೆ. ಕೆಲಸ ಮಾಡಿದ್ದು ನಮ್ಮ ಮೈಯ ರೋಗನಿರೋಧಕ ಶಕ್ತಿ.

ಹಸಿರು ಕಫ ಬಂದರೆ ಆಂಟಿಬಯಾಟಿಕ್ ಬೇಕೇ ಬೇಕಾ?

ಇಲ್ಲ. ಸೋಂಕಿನೊಡನೆ ಹೋರಾಡುವ ಬಿಳಿ ರಕ್ತಕಣಗಳಲ್ಲಿ ಹಸಿರು ಬಣ್ಣದ ಒಂದು ಕಿಣ್ವವಿದೆ. ಕಫಕ್ಕೆ, ಸಿಂಬಳಕ್ಕೆ ಹಸಿರು ಬರುವುದು ಅದರಿಂದ. ವೈರಸ್ ಇದ್ದರೂ ಆ ಬಣ್ಣ ಬರುತ್ತದೆ, ಬ್ಯಾಕ್ಟೀರಿಯಾ ಇದ್ದರೂ ಬರುತ್ತದೆ. ಬಣ್ಣ ನೋಡಿ ಔಷಧ ಗೊತ್ತುಮಾಡಲಾಗದು.

ಹಾಗಾದರೆ ಅದು ನಿಜವಾಗಿ ಬೇಕಾಗುವುದು ಯಾವಾಗ?

"ಆಂಟಿಬಯಾಟಿಕ್ಕೇ ಕೆಟ್ಟದ್ದು, ಮುಟ್ಟಲೇಬೇಡಿ" ಎಂಬ ಇನ್ನೊಂದು ಬಗೆಯ ಸಂದೇಶವೂ ಓಡಾಡುತ್ತದೆ. ಅದೂ ಅಷ್ಟೇ ಅಪಾಯ. ಅಮಾಕ್ಸಿಸಿಲಿನ್ ಜೀವ ಉಳಿಸುವ ಸಂದರ್ಭಗಳಿವೆ.

ಮಕ್ಕಳ ನ್ಯುಮೋನಿಯಾ: ಉಸಿರು ವೇಗವಾಗಿರುವ ನ್ಯುಮೋನಿಯಾಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಮೊದಲು ಸೂಚಿಸುವ ಔಷಧ ಅಮಾಕ್ಸಿಸಿಲಿನ್. ಮಗು ಅಳದೆ ಸುಮ್ಮನಿರುವಾಗ ಪೂರ್ತಿ ಒಂದು ನಿಮಿಷ ಉಸಿರನ್ನು ಎಣಿಸಿ. 2ರಿಂದ 11 ತಿಂಗಳ ಮಗುವಿಗೆ 50 ಅಥವಾ ಹೆಚ್ಚು, 1ರಿಂದ 5 ವರ್ಷದ ಮಗುವಿಗೆ 40 ಅಥವಾ ಹೆಚ್ಚು ಇದ್ದರೆ ತಡಮಾಡದೆ ವೈದ್ಯರ ಬಳಿ ಹೋಗಬೇಕು. ಉಸಿರೆಳೆದಾಗ ಪಕ್ಕೆಯ ಕೆಳಭಾಗ ಒಳಕ್ಕೆ ಹೋಗುತ್ತಿದ್ದರೆ ಇನ್ನೂ ತುರ್ತು.

ಸ್ಟ್ರೆಪ್ಟೊಕಾಕಸ್ ಗಂಟಲು ನೋವು: ಬಹುಪಾಲು ಗಂಟಲು ನೋವು ವೈರಸ್‌ನದು. ಆದರೆ ಶಾಲೆಗೆ ಹೋಗುವ ವಯಸ್ಸಿನ ಮಗುವಿಗೆ ಜ್ವರ ಇದ್ದು, ಕೆಮ್ಮು ಇಲ್ಲದೆ, ಟಾನ್ಸಿಲ್ ಮೇಲೆ ಬಿಳಿ ಕೀವು ಕಟ್ಟಿ, ಕತ್ತಿನ ಗಂಟು ಮುಟ್ಟಿದರೆ ನೋಯುತ್ತಿದ್ದರೆ ಅದು ಸ್ಟ್ರೆಪ್ಟೊಕಾಕಸ್ ಇರಬಹುದು. ಇದನ್ನು ಹಾಗೇ ಬಿಟ್ಟರೆ ಕೆಲವು ಮಕ್ಕಳಿಗೆ ಸಂಧಿವಾತ ಜ್ವರ ಬಂದು ಹೃದಯದ ಕವಾಟಗಳೇ ಹಾಳಾಗಬಹುದು. ಸಕಾಲದಲ್ಲಿ ಪೆನಿಸಿಲಿನ್ ಅಥವಾ ಅಮಾಕ್ಸಿಸಿಲಿನ್ ಕೊಟ್ಟರೆ ಇದನ್ನು ತಡೆಯಬಹುದು. ಸಾಮಾನ್ಯವಾಗಿ 10 ದಿನ ಕೊಡುತ್ತಾರೆ. "ಮೂರು ದಿನ" ಎಂಬ ಫಾರ್ವರ್ಡ್ ಇಲ್ಲಿ ನೇರವಾಗಿ ಹಾನಿ ಮಾಡುತ್ತದೆ.

ಹೊಟ್ಟೆ ಹುಣ್ಣು: ಹೆಲಿಕೋಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯಾ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ. ಇದನ್ನು ಕಂಡುಹಿಡಿದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್‌ಗೆ 2005ರಲ್ಲಿ ನೊಬೆಲ್ ಬಂತು. ಆಮ್ಲ ತಗ್ಗಿಸುವ ಮಾತ್ರೆ ಮತ್ತು ಇನ್ನೊಂದು ಆಂಟಿಬಯಾಟಿಕ್ ಜೊತೆಗೆ ಅಮಾಕ್ಸಿಸಿಲಿನ್ ಕೊಡುವುದು ಇದಕ್ಕೆ ರೂಢಿಯ ಚಿಕಿತ್ಸೆ.

ಇವಲ್ಲದೆ ಮಧ್ಯ ಕಿವಿಯ ಸೋಂಕು, ಕೆಲವು ಸೈನಸ್ ಸೋಂಕು, ಹಲ್ಲಿನ ಬುಡದ ಕೀವಿನ ಸೋಂಕು ಹರಡಿದಾಗಲೂ ಇದನ್ನು ಬರೆದುಕೊಡುತ್ತಾರೆ. ಆದರೆ ಬ್ಯಾಕ್ಟೀರಿಯಾ ಎಂದಮಾತ್ರಕ್ಕೆ ಎಲ್ಲದಕ್ಕೂ ಆಗುವುದಿಲ್ಲ. ಮೈಕೊಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾಕ್ಕೆ ಗೋಡೆಯೇ ಇಲ್ಲ, ಅದರಿಂದ ಬರುವ ನ್ಯುಮೋನಿಯಾಕ್ಕೆ ಇದು ನಾಟದು. ಕ್ಷಯಕ್ಕೂ ಇದು ಔಷಧವಲ್ಲ. ಎರಡು ವಾರ ಮೀರಿದ ಕೆಮ್ಮಿಗೆ ಅಂಗಡಿಯ ಮಾತ್ರೆ ನುಂಗುತ್ತ ಕೂರದೆ ಕಫ ಪರೀಕ್ಷೆ ಮಾಡಿಸಬೇಕು.

ದಿನಕ್ಕೆ ಮೂರು ಸಲ ಯಾಕೆ?

ರಕ್ತದಲ್ಲಿರುವ ಅಮಾಕ್ಸಿಸಿಲಿನ್ ಸುಮಾರು ಒಂದು ಗಂಟೆಗೆ ಅರ್ಧಕ್ಕೆ ಇಳಿಯುತ್ತದೆ. ಹೆಚ್ಚಿನ ಭಾಗ ಮೂತ್ರದಲ್ಲಿ ಹೊರಹೋಗುತ್ತದೆ. ಈ ಔಷಧದ ಗೆಲುವು ರಕ್ತದಲ್ಲಿ ಎಷ್ಟು ಏರಿತು ಎಂಬುದಕ್ಕಿಂತ ಎಷ್ಟು ಹೊತ್ತು ಸಾಕಷ್ಟು ಪ್ರಮಾಣದಲ್ಲಿ ಉಳಿಯಿತು ಎಂಬುದರ ಮೇಲೆ ನಿಂತಿದೆ. ಅದಕ್ಕೇ ಎಂಟು ಗಂಟೆಗೊಮ್ಮೆ, ಕೆಲವೊಮ್ಮೆ ಹನ್ನೆರಡು ಗಂಟೆಗೊಮ್ಮೆ ಕೊಡುತ್ತಾರೆ. "ಮಧ್ಯಾಹ್ನ ಮರೆತೆ, ರಾತ್ರಿ ಎರಡು ಒಟ್ಟಿಗೆ ನುಂಗಿದೆ" ಎಂದರೆ ಲೆಕ್ಕ ಸರಿಹೋಗುವುದಿಲ್ಲ. ನೆನಪಾದಾಗ ಒಂದು ತೆಗೆದುಕೊಳ್ಳಿ. ಮುಂದಿನ ಹೊತ್ತು ಹತ್ತಿರವಿದ್ದರೆ ತಪ್ಪಿದ್ದನ್ನು ಬಿಟ್ಟುಬಿಡಿ.

625 ಅಂದರೆ 500ಕ್ಕಿಂತ ಪವರ್‌ಫುಲ್ಲಾ?

"500ಕ್ಕೆ ಬಗ್ಗಲಿಲ್ಲ, 625 ಕೊಡಿ" ಎಂದು ಕೇಳುವವರಿದ್ದಾರೆ. ವಾಸ್ತವದಲ್ಲಿ 625ರಲ್ಲಿ ಇರುವುದು ಅದೇ 500 ಮಿಲಿಗ್ರಾಂ ಅಮಾಕ್ಸಿಸಿಲಿನ್. ಉಳಿದ 125 ಮಿಲಿಗ್ರಾಂ ಕ್ಲಾವುಲನಿಕ್ ಆಮ್ಲ.

ಅದು ಯಾಕೆ ಬೇಕು? ಕೆಲವು ಬ್ಯಾಕ್ಟೀರಿಯಾ ಬೀಟಾ-ಲ್ಯಾಕ್ಟಮೇಸ್ ಎಂಬ ಕಿಣ್ವವನ್ನು ತಯಾರಿಸಿಕೊಳ್ಳುತ್ತವೆ. ಅದು ಅಮಾಕ್ಸಿಸಿಲಿನ್‌ನ ಚೌಕವನ್ನು ಮೇಸ್ತ್ರಿಗೆ ತಲುಪುವ ಮುಂಚೆಯೇ ಕತ್ತರಿಸಿಹಾಕುತ್ತದೆ. ಕ್ಲಾವುಲನಿಕ್ ಆಮ್ಲ ಈ ಕತ್ತರಿಗೆ ತಾನೇ ಸಿಕ್ಕಿಕೊಂಡು ಅಮಾಕ್ಸಿಸಿಲಿನ್‌ಗೆ ದಾರಿ ಬಿಡಿಸುತ್ತದೆ. ಕತ್ತರಿಯಿಲ್ಲದ ಬ್ಯಾಕ್ಟೀರಿಯಾದ ಎದುರು ಇದರಿಂದ ಹೆಚ್ಚಿನ ಲಾಭವೇನಿಲ್ಲ. ಬದಲಿಗೆ ಭೇದಿ ಹೆಚ್ಚು, ಅಪರೂಪಕ್ಕೆ ಪಿತ್ತಜನಕಾಂಗಕ್ಕೂ ತೊಂದರೆ.

ಯಾರು ಎಚ್ಚರವಹಿಸಬೇಕು?

ಸಾಮಾನ್ಯವಾಗಿ ಕಾಣುವ ತೊಂದರೆಗಳು ಭೇದಿ, ಹೊಟ್ಟೆ ತೊಳಸು, ಮೈಮೇಲೆ ಗಂಧೆ. ಕರುಳಿನಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾಗಳಿಗೂ ಗೋಡೆ ಇರುವುದರಿಂದ ಅವೂ ಸಾಯುತ್ತವೆ. ಭೇದಿಗೆ ಅದು ಒಂದು ಕಾರಣ.

ನಿಜವಾದ ಅಪಾಯ ಅಲರ್ಜಿ. ಔಷಧ ತೆಗೆದುಕೊಂಡ ಸ್ವಲ್ಪ ಹೊತ್ತಿನಲ್ಲೇ ತುಟಿ, ನಾಲಿಗೆ, ಮುಖ ಊದಿದರೆ, ಉಸಿರು ಕಟ್ಟಿದರೆ, ತಲೆ ತಿರುಗಿ ಬಿದ್ದರೆ ನೇರ ಆಸ್ಪತ್ರೆಗೆ ಹೋಗಬೇಕು. ಹಿಂದೆ ಪೆನಿಸಿಲಿನ್‌ನಿಂದ ಹೀಗೆ ಆಗಿದ್ದರೆ ವೈದ್ಯರಿಗೂ ಮೆಡಿಕಲ್ ಶಾಪಿನವರಿಗೂ ಮೊದಲೇ ಹೇಳಿ. ಹಾಗೆಯೇ, "ಚಿಕ್ಕಂದಿನಲ್ಲಿ ಏನೋ ಗಂಧೆ ಎದ್ದಿತ್ತು" ಎಂದು ಅಲರ್ಜಿಯ ಹಣೆಪಟ್ಟಿ ಹೊತ್ತವರಲ್ಲಿ ಬಹುಪಾಲು ಜನಕ್ಕೆ ಪರೀಕ್ಷಿಸಿದಾಗ ನಿಜವಾದ ಅಲರ್ಜಿ ಇರುವುದಿಲ್ಲ. ಇದನ್ನು ವೈದ್ಯರೇ ತೀರ್ಮಾನಿಸಬೇಕು, ಮನೆಯಲ್ಲಿ ಪ್ರಯೋಗ ಬೇಡ.

ಮೂತ್ರಪಿಂಡದ ಕಾಯಿಲೆ ಇರುವವರು, ರಕ್ತ ತೆಳುವಾಗಿಸುವ ವಾರ್ಫರಿನ್ ಅಥವಾ ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುತ್ತಿರುವವರು ಅದನ್ನು ವೈದ್ಯರಿಗೆ ತಿಳಿಸಲೇಬೇಕು.

ಫ್ರಿಜ್ಜಿನಲ್ಲಿರುವ ಅರ್ಧ ಬಾಟಲಿ

ಮಕ್ಕಳ ಅಮಾಕ್ಸಿಸಿಲಿನ್ ಪುಡಿಯ ರೂಪದಲ್ಲಿ ಬರುತ್ತದೆ. ಕುದಿಸಿ ಆರಿಸಿದ ನೀರನ್ನು ಬಾಟಲಿಯ ಗೆರೆಯವರೆಗೆ ಹಾಕಿ ಕುಲುಕಬೇಕು. ನೀರು ಬೆರೆತ ಗಳಿಗೆಯಿಂದಲೇ ಆ ಬಿಗಿದ ಚೌಕ ನಿಧಾನವಾಗಿ ಬಿಚ್ಚಿಕೊಳ್ಳತೊಡಗುತ್ತದೆ. ಅದಕ್ಕೇ ಲೇಬಲ್ಲಿನ ಮೇಲೆ ಇಷ್ಟು ದಿನದೊಳಗೆ ಮುಗಿಸಿ ಎಂದು ಬರೆದಿರುತ್ತಾರೆ, ಹಲವು ಬ್ರ್ಯಾಂಡ್‌ಗಳಲ್ಲಿ ಅದು 7 ದಿನ. ಬಾಟಲಿಯ ಮೇಲಿನ ಎಕ್ಸ್‌ಪೈರಿ ತಾರೀಕು ಪುಡಿಗೆ ಸೇರಿದ್ದು, ಬೆರೆಸಿದ ಸಿರಪ್‌ಗಲ್ಲ. ಎರಡು ತಿಂಗಳ ಹಿಂದೆ ದೊಡ್ಡವನಿಗೆ ತಂದದ್ದನ್ನು ಇಂದು ಚಿಕ್ಕವಳಿಗೆ ಕೊಟ್ಟರೆ ಔಷಧ ಕೊಟ್ಟೆವೆಂಬ ಸಮಾಧಾನವಷ್ಟೇ ಸಿಕ್ಕೀತು. ಮಗುವಿನ ತೂಕಕ್ಕೆ ತಕ್ಕ ಪ್ರಮಾಣವೂ ಬೇರೆ.

ನಾನು ನುಂಗಿದರೆ ಬೇರೆಯವರಿಗೇನು?

1945ರ ಡಿಸೆಂಬರ್‌ನಲ್ಲಿ ನೊಬೆಲ್ ಭಾಷಣ ಮಾಡುತ್ತ ಫ್ಲೆಮಿಂಗ್ ಒಂದು ಕಲ್ಪಿತ ಪ್ರಸಂಗ ಹೇಳಿದರು. ಗಂಟಲು ನೋವೆಂದು ಒಬ್ಬಾತ ತಾನೇ ಪೆನಿಸಿಲಿನ್ ಕೊಂಡು ಅರೆಬರೆ ತೆಗೆದುಕೊಳ್ಳುತ್ತಾನೆ. ಸಾಯದೆ ಉಳಿದ ಬ್ಯಾಕ್ಟೀರಿಯಾ ಔಷಧವನ್ನು ತಡೆದುಕೊಳ್ಳಲು ಕಲಿಯುತ್ತವೆ. ಅದು ಹೆಂಡತಿಗೆ ಅಂಟಿ ನ್ಯುಮೋನಿಯಾ ಆಗುತ್ತದೆ. ಪೆನಿಸಿಲಿನ್ ಈಗ ನಾಟುವುದಿಲ್ಲ, ಆಕೆ ಸಾಯುತ್ತಾಳೆ. ಸಾವಿಗೆ ಹೊಣೆ ಯಾರು ಎಂಬುದು ಅವರ ಪ್ರಶ್ನೆ.

ಅವರು ಉದಾಹರಣೆಗೆ ಆರಿಸಿಕೊಂಡ ಗಂಟಲಿನ ಸ್ಟ್ರೆಪ್ಟೊಕಾಕಸ್ ಅದೃಷ್ಟಕ್ಕೆ ಇಂದಿಗೂ ಪೆನಿಸಿಲಿನ್‌ಗೆ ಮಣಿಯುತ್ತದೆ. ಉಳಿದವು ಹಾಗಲ್ಲ. ಕೀವುಗುಳ್ಳೆ ಮಾಡುವ ಸ್ಟೆಫೈಲೊಕಾಕಸ್, ಮೂತ್ರನಾಳದ ಸೋಂಕು ತರುವ ಇ. ಕೋಲಿ ಇವುಗಳಲ್ಲಿ ಬಹಳಷ್ಟು ಈಗ ಬರಿಯ ಅಮಾಕ್ಸಿಸಿಲಿನ್‌ಗೆ ಬಗ್ಗುವುದಿಲ್ಲ. ಬ್ಯಾಕ್ಟೀರಿಯಾಗಳು ಈ ತಡೆಯುವ ಗುಣದ ಜೀನ್‌ಗಳನ್ನು ಒಂದಕ್ಕೊಂದು ದಾಟಿಸುತ್ತವೆ ಕೂಡ. ನೆಗಡಿಗೆಂದು ನುಂಗಿದ ಮಾತ್ರೆ ನೆಗಡಿಗೆ ಏನೂ ಮಾಡದೆ, ನಮ್ಮ ಕರುಳಿನಲ್ಲಿ ಇಂಥವನ್ನು ಆರಿಸಿ ಬೆಳೆಸುತ್ತದೆ. 2019ರಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಸೋಂಕೇ ನೇರ ಕಾರಣವಾಗಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರೆಂದು ಅಂದಾಜಿದೆ.

ನಮ್ಮ ದೇಶದಲ್ಲಿ ಆಂಟಿಬಯಾಟಿಕ್ ಪಟ್ಟಿಯ ಮೇಲೆ ಉದ್ದಕ್ಕೆ ಕೆಂಪು ಗೆರೆ ಇರುತ್ತದೆ. ವೈದ್ಯರ ಚೀಟಿ ಇಲ್ಲದೆ ತೆಗೆದುಕೊಳ್ಳಬಾರದು ಎಂಬುದರ ಗುರುತು ಅದು. 2016ರಿಂದ ಕೇಂದ್ರ ಆರೋಗ್ಯ ಇಲಾಖೆ ಇದರ ಬಗ್ಗೆ ಪ್ರಚಾರ ಮಾಡುತ್ತಿದೆ.

ಹುಷಾರಾದ ಮೇಲೂ ಕೋರ್ಸ್ ಮುಗಿಸಬೇಕಾ?

ವೈದ್ಯರು ಎಷ್ಟು ದಿನ ಹೇಳಿದ್ದಾರೋ ಅಷ್ಟು ದಿನ. ಹಲವು ಸೋಂಕುಗಳಿಗೆ ಮೊದಲಿಗಿಂತ ಕಡಿಮೆ ದಿನ ಸಾಕು ಎಂದು ಇತ್ತೀಚಿನ ಸಂಶೋಧನೆಗಳು ತೋರಿಸಿವೆ. ಹಾಗಾಗಿ ಒಬ್ಬರಿಗೆ 5 ದಿನ, ಇನ್ನೊಬ್ಬರಿಗೆ 10 ದಿನ ಬರೆದರೆ ಗಾಬರಿ ಬೇಡ. ಬೇಗ ಹುಷಾರಾದರೆ ಫೋನ್ ಮಾಡಿ ಕೇಳಿ, ನೀವೇ ನಿಲ್ಲಿಸಬೇಡಿ. ಉಳಿದ ಮಾತ್ರೆಯನ್ನು ಮುಂದಿನ ಸಲಕ್ಕೆಂದು ಡಬ್ಬಿಯಲ್ಲಿ ಎತ್ತಿಡಬೇಡಿ, ಪಕ್ಕದ ಮನೆಯವರಿಗೂ ಕೊಡಬೇಡಿ.

ಫಾರ್ವರ್ಡ್ ಮಾಡಲೇಬೇಕಿದ್ದರೆ ಇದನ್ನು ಮಾಡಿ

- ನೆಗಡಿ, ಫ್ಲೂ, ಡೆಂಗಿಗೆ ಅಮಾಕ್ಸಿಸಿಲಿನ್ ಕೆಲಸ ಮಾಡುವುದಿಲ್ಲ.
- ಕಫದ ಬಣ್ಣ ನೋಡಿ ಮಾತ್ರೆ ತೆಗೆದುಕೊಳ್ಳಬೇಡಿ.
- ಮಗುವಿನ ಉಸಿರು ವೇಗವಾಗಿದ್ದರೆ, ಮೂರು ದಿನಕ್ಕೂ ಜ್ವರ ಬಿಡದಿದ್ದರೆ, ಮಂಕಾಗಿ ಏನೂ ಕುಡಿಯದಿದ್ದರೆ ವೈದ್ಯರಿಗೆ ತೋರಿಸಿ.
- ಬೆರೆಸಿಟ್ಟ ಹಳೆ ಸಿರಪ್ ಕೊಡಬೇಡಿ.
- ಕೆಂಪು ಗೆರೆಯ ಮಾತ್ರೆ ಚೀಟಿ ಇಲ್ಲದೆ ಬೇಡ.

ಹತ್ತು ಜನಕ್ಕೆ ಕಳಿಸಬೇಕೆಂದೇನೂ ಇಲ್ಲ. ಮೊದಲ ಸಂದೇಶ ನಿಮ್ಮ ಯಾವ ಗುಂಪಿನಲ್ಲಿ ಬಂದಿತ್ತೋ ಆ ಒಂದು ಗುಂಪಿಗೆ ಕಳಿಸಿದರೆ ಸಾಕು.